ಎಲುಬಿಗೆ ಅಂಟಿದ್ದು

ಆ ಬೀದಿಯ ಸುಟ್ಟ ಕೋಳಿ ಅಂಗಡಿಯಲ್ಲಿ ಹೊಗೆ ಎದ್ದಿತು ಅಂದರೆ ಅಂಚೆಯವನು ದಾರಿ ತಪ್ಪುತ್ತಿದ್ದ. ಪಕ್ಕದ ಬೀದಿಗೆ ಹೋಗಬೇಕಾದ ಕಾಗದಗಳನ್ನೂ ಇಲ್ಲೇ ಹಂಚಿ, ಕಾಲು ಕೋಳಿ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಹೋಗಿಬಿಡುತ್ತಿದ್ದ. ಅಲ್ಲಿನ ಬೆಕ್ಕುಗಳು ಇಲಿ ಹಿಡಿಯುವುದನ್ನು ಮರೆತು ಎಷ್ಟೋ ತಲೆಮಾರಾಗಿತ್ತು. ಇಲಿಗಳೂ ಹೆದರಿಕೆ ಬಿಟ್ಟು ಬೆಕ್ಕಿನ ಪಕ್ಕದಲ್ಲೇ ಕೂತು ಮೂಗು ಅರಳಿಸುತ್ತಿದ್ದವು.

ಇದೆಲ್ಲ ಅಂಗಡಿಯ ಮುಂದಿನ ವೈಭವ. ನಮ್ಮವಳು ಇದ್ದದ್ದು ಹಿಂದೆ.

ಹಿಂದಿನ ಕೋಣೆಗೂ ಮುಂದಿನ ಅಂಗಡಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಮುಂದೆ ಮಾಸ್ಟ್ರು ಕೋಳಿ ಸುಟ್ಟು, ಮಾಂಸ ಬಿಡಿಸಿ, ಗಿರಾಕಿಗಳ ತಟ್ಟೆಗೆ ಹಾಕುತ್ತಿದ್ದ. ಉಳಿದ ಎಲುಬಿನ ಗೂಡುಗಳು, ಮಾರಾಟವಾಗದೆ ಉಳಿದ ನಿನ್ನೆಯ ಕೋಳಿಗಳು, ಎಲ್ಲ ಒಂದು ಬೋಗುಣಿಯಲ್ಲಿ ಕಿಂಡಿಯಿಂದ ಈಚೆಗೆ ಬರುತ್ತಿದ್ದವು. ಅವನ್ನು ಬೇಯಿಸಿ ರಸ ತೆಗೆಯುವುದು ಅವಳ ಕೆಲಸ. ಆ ರಸದ ಸೂಪು ಕುಡಿಯದೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಹಾಗಾಗಿ ಅವಳು ಎಲ್ಲರ ಬಾಯಲ್ಲೂ ಸೂಪಮ್ಮ ಆಗಿದ್ದಳು. ಮದುವೆ ಇಲ್ಲ, ಮಕ್ಕಳಿಲ್ಲ, ಆದರೂ ಅಮ್ಮ. ಎಡಗೆನ್ನೆಯ ಮೇಲೆ ಹಬೆ ಸುಟ್ಟ ಕಲೆ ಒಂದಿತ್ತು, ಅಂಗೈಯಗಲ. ಅವಳು ಯಾರ ಜೊತೆ ಮಾತಾಡಿದರೂ ಬಲಗೆನ್ನೆ ತೋರಿಸಿಕೊಂಡು ಮಾತಾಡುತ್ತಿದ್ದಳು.

ಮಾಸ್ಟ್ರು ಅಂದರೆ ಅಂಗಡಿಯ ಯಜಮಾನ್ತಿ ದೊಡ್ಡಕ್ಕನ ತಮ್ಮ. ಅವನ ಕತ್ತಿಯ ಸುದ್ದಿ ಕೇಳಬೇಕು. ಅವನು ಬಿಡಿಸಿದ ಕೋಳಿ, ತಾನಿನ್ನೂ ಇಡಿಯಾಗೇ ಇದ್ದೇನೆ ಅಂದುಕೊಂಡು ತಟ್ಟೆಯಲ್ಲಿ ಬಿಗುಮಾನದಿಂದ ಕೂತಿರುತ್ತಿತ್ತಂತೆ. ಗಿರಾಕಿ ಕೈ ಹಾಕಿದ ಮೇಲೇ ಅದಕ್ಕೆ ವಿಷಯ ಗೊತ್ತಾಗುತ್ತಿದ್ದದ್ದು.

ಅವರಿಬ್ಬರ ಮೊದಲ ಮಾತೇ ಜಗಳ. ಅವಳು ಕೆಲಸಕ್ಕೆ ಸೇರಿದ ದಿನ ಕಿಂಡಿಯಿಂದ ಬಂದ ಎಲುಬು ನೋಡಿ ದಂಗಾದಳು. ಬಾಚಣಿಗೆಯ ಹಾಗೆ ನುಣ್ಣಗಿದ್ದವು. ಇರುವೆ ಬಂದರೂ ಉಪವಾಸವೇ ಹೋಗಬೇಕು. ಬೋಗುಣಿಯನ್ನು ಹಾಗೇ ವಾಪಸ್ ತಳ್ಳಿದಳು.

ಅವನು ಬಗ್ಗಿ ಕಿಂಡಿಯಲ್ಲಿ ನೋಡಿದ. ಮಸಿ ಹಿಡಿದ ಒಂದು ಹುಬ್ಬು, ಹೊಗೆಗೆ ಕೆಂಪಾದ ಒಂದು ಕಣ್ಣು. ಕಿಂಡಿಯಲ್ಲಿ ಅಷ್ಟೇ ಹಿಡಿಸುತ್ತಿತ್ತು.

"ಸೂಪಿಗೆ ಎಲುಬು ಸಾಲದಾ?"

"ಎಲುಬಿಗೆ ಮಾಂಸದ ನೆನಪಾದ್ರೂ ಇರಬೇಕು ಮಾಸ್ಟ್ರೇ," ಅಂದಳು ಅವಳು. "ಇದಕ್ಕೆ ಅದೂ ಇಲ್ಲ."

ಆ ಒಂದು ಕಣ್ಣು ನಕ್ಕಿತು. ಅವಳು ಬಲಗೆನ್ನೆ ಈಚೆ ಮಾಡಿಕೊಂಡಳು. ಅಲ್ಲಿಗೆ ಅವಳ ಕಥೆ ಮುಗಿಯಿತು ಅನ್ನಿ.

ಆಮೇಲೂ ಬಹಳ ಕಾಲ ಎಲುಬು ನುಣ್ಣಗೇ ಬಂತು. ನೆನಪು ಕಳಿಸಿದ್ದೀನಿ, ಹುಡುಕಿಕೋ ಅಂತ ಅವನು ಆಚೆಯಿಂದ ಕೂಗುತ್ತಿದ್ದ. ಕನ್ನಡಕ ತಂದುಕೊಡಿ, ಹುಡುಕ್ತೀನಿ ಅಂತ ಅವಳು ಈಚೆಯಿಂದ. ಗೋಡೆಗೆ ಕಿವಿ ಇದ್ದರೆ ಅದೂ ನಾಚಿಕೊಳ್ಳಬೇಕು, ಹಾಗೆ ನಡೆಯುತ್ತಿತ್ತು. ಆದರೆ ಹಿತ್ತಲ ಬಾಗಿಲಿನಿಂದಲೇ ಬಂದು ಹೋಗುವ ಇವಳು ಅವನನ್ನು ನೋಡಿದ್ದು ಬರೀ ತುಂಡುತುಂಡಾಗಿ. ಒಂದು ದಿನ ಮೊಣಕೈ, ಒಂದು ದಿನ ಗದ್ದ, ಒಂದು ದಿನ ಬೆವರಿನ ಕತ್ತು. ಎಲ್ಲ ಸೇರಿಸಿ ಮನಸ್ಸಿನಲ್ಲಿ ಒಬ್ಬ ಇಡೀ ಗಂಡಸನ್ನು ಮಾಡಿಕೊಂಡಿದ್ದಳು. ಅವನು ನಿಜವಾದವನಿಗಿಂತ ಸ್ವಲ್ಪ ಎತ್ತರವಿದ್ದ.

ಒಂದು ದಿನ ಬೋಗುಣಿಯಲ್ಲಿ ರೆಕ್ಕೆಯ ಬುಡದಲ್ಲಿ ಮಾಂಸ ಉಳಿದಿತ್ತು. ಮರುದಿನ ತೊಡೆಯ ಹತ್ತಿರ. ಆಮೇಲೆ ಒಂದು ದಿನ, ಕೋಳಿಯ ಬೆನ್ನಿನ ಕೆಳಗೆ ಎರಡು ಗುಳಿಗಳಲ್ಲಿ ಅಡಗಿಕೊಂಡಿರುತ್ತವಲ್ಲ, ಎರಡು ಮೆತ್ತನೆಯ ತುಣುಕು, ಅವೇ ಉಳಿದು ಬಂದವು. ಇಡೀ ಕೋಳಿಯಲ್ಲಿ ಅದರಷ್ಟು ರುಚಿ ಬೇರೆ ಇಲ್ಲ. ಕೋಳಿ ಬಿಡಿಸುವವರು ಅದನ್ನು ಗಿರಾಕಿಗೂ ಕೊಡುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ, ಬಾಯಿಗೆ ಹಾಕಿಕೊಂಡು ಮುಖ ತಿರುಗಿಸಿಬಿಡುತ್ತಾರೆ.

ಅವನು ಅದನ್ನು ಅವಳಿಗೆ ಕಳಿಸಿದ್ದ.

ಅವಳು ಒಲೆಯ ಮುಂದೆ ಕೂತು ಅವೆರಡನ್ನೂ ಕಣ್ಣು ಮುಚ್ಚಿಕೊಂಡು ತಿಂದಳು. ಕಿಂಡಿಯ ಹತ್ತಿರ ಹೋಗಿ, ಸಿಕ್ಕಿತು ಅಂತ ಮೆಲ್ಲಗೆ ಹೇಳಿದಳು. ಆಚೆ ಕತ್ತಿ ನಿಂತಿತು.

"ಏನು?"

"ನೆನಪು."

ಆಮೇಲೆ ಅವನು ನಕ್ಕ. "ಹಾಂ, ಅದಾ. ಸಿಕ್ಕಿತಲ್ಲ? ಯಾರಿಗೂ ಹೇಳಬೇಡ ಮತ್ತೆ."

ಹೇಳಬೇಡ ಅಂದರೆ ಪ್ರೀತಿಯಲ್ಲದೆ ಇನ್ನೇನು? ಅವಳಿಗೆ ಅಂದು ನೆಲ ಕಾಲಿಗೆ ತಾಗಲಿಲ್ಲ.

ಮನೆಯಲ್ಲಿ ಇದ್ದದ್ದು ಅಣ್ಣ, ಅತ್ತಿಗೆ. ಅಣ್ಣ ಮಾತಾಡುವುದಿಲ್ಲ. ಅವನ ಪಾಲಿನದನ್ನೂ ಅತ್ತಿಗೆಯೇ ಆಡಿ ಮುಗಿಸುತ್ತಿದ್ದಳು. ನಾದಿನಿಗೆ ಮದುವೆಯಾಗಿ ಆ ಮೂಲೆಯ ಮಂಚ ಖಾಲಿಯಾದರೆ ಹೊಲಿಗೆ ಮೆಷಿನ್ ಇಡಬಹುದು ಅನ್ನುವುದು ಅವಳ ಆಸೆ. ಅದನ್ನು ಮುಚ್ಚಿಡದೆ ದಿನಾ ಹೇಳುತ್ತಿದ್ದಳು. ನಿನ್ನ ಮೇಲೆ ಬಟ್ಟೆ ಹಾಸಿ ಮೆಷಿನ್ ಇಟ್ಟುಬಿಡಲಾ ಅಂತ ಒಮ್ಮೆ ಕೇಳಿದ್ದಳು, ನಗುತ್ತಲೇ.

ಅಂಗಡಿಯ ರಜದ ಮುನ್ನಾದಿನ ಸೂಪಮ್ಮ ನಿನ್ನೆಯ ಉಳಿದ ಕೋಳಿಯೊಂದನ್ನು ಕಾಗದದಲ್ಲಿ ಸುತ್ತಿ ತಂದಳು. ಅವನೇ ಕೊಟ್ಟದ್ದು, ಮುಕ್ಕಾಲು ಬಿಡಿಸಿದ್ದು. ಅತ್ತಿಗೆ ಪೊಟ್ಟಣ ಬಿಚ್ಚಿ ನೋಡಿ, ಊರಿನವರ ಗಂಡಂದಿರು ಹೂವು ತರುತ್ತಾರೆ, ನಿನ್ನವನು ಎಲುಬು ಕಳಿಸುತ್ತಾನೆ, ನಾಯಿ ಅಂದುಕೊಂಡಿದ್ದಾನೋ ಹೇಗೆ ಅಂದಳು. ಸೂಪಮ್ಮ ನಕ್ಕು, ಅತ್ತಿಗೆಗೂ ರಸ ತೆಗೆಯುವುದನ್ನು ಕಲಿಸುವುದಕ್ಕೆ ಕೂತಳು.

ಮೊದಲು ಚರ್ಮ ತೆಗೆದಿಟ್ಟಳು, ಇಲ್ಲದಿದ್ದರೆ ರಸದ ತುಂಬ ಜಿಡ್ಡು. ಗೂಡನ್ನು ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದಳು, ಒಳಗಿನ ಸತ್ವ ಬಿಡಲಿ ಅಂತ. ಪಾತ್ರೆಗೆ ಹಾಕಿ ತಣ್ಣೀರು ಸುರಿದಳು, ಎಲುಬು ಮುಳುಗುವಷ್ಟೇ. ಬಿಸಿನೀರು ಹಾಕಿದರೆ ಬೇಗ ಆಗುವುದಿಲ್ಲವಾ ಅಂತ ಅತ್ತಿಗೆ ಕೇಳಿದ್ದಕ್ಕೆ, ಬೇಗ ಆಗುತ್ತದೆ, ಆದರೆ ಎಲುಬು ಮುನಿಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ, ತಣ್ಣೀರಿನಲ್ಲಿ ಕೂರಿಸಿ ಮೆಲ್ಲಗೆ ಕಾಯಿಸಿದರೆ ಇದ್ದದ್ದನ್ನೆಲ್ಲ ಹೇಳಿಕೊಳ್ಳುತ್ತದೆ ಅಂದಳು. ಸಿಪ್ಪೆ ಸಮೇತ ಈರುಳ್ಳಿ, ಬಣ್ಣಕ್ಕೆ. ಒಂದು ಗಜ್ಜರಿ, ನಾಲ್ಕು ಮೆಣಸಿನಕಾಳು, ಒಂದು ಪಲಾವ್ ಎಲೆ, ಒಂದು ಚಮಚ ವಿನೆಗರ್. ಉಪ್ಪು ಮಾತ್ರ ಕಡೆಗೆ. ಮೇಲೆ ಬಂದ ನೊರೆ ತೆಗೆಯುತ್ತಾ, ಉರಿ ಸಣ್ಣದು ಮಾಡಿದಳು. ಕುದಿಯಬಾರದು, ಮೂಲೆಯಲ್ಲಿ ಒಂದೊಂದೇ ಗುಳ್ಳೆ ಬರಬೇಕು, ಯಾರೋ ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ.

ಅತ್ತಿಗೆ ಒಂದು ಎಲುಬು ಎತ್ತಿ ಹಿಡಿದು ತಿರುಗಿಸಿ ನೋಡುತ್ತಿದ್ದಳು.

"ಅಲ್ವೇ, ಇಷ್ಟೊಂದು ಮಾಂಸ ಬಿಟ್ಟಿದ್ದಾನಲ್ಲ, ನಿನ್ನ ಮಾಸ್ಟ್ರಿಗೆ ಕೈ ಬರಲ್ವಾ?"

ಸೂಪಮ್ಮನಿಗೆ ಎಲ್ಲಿತ್ತೋ ಸಿಟ್ಟು. ಎಲುಬು ಕಿತ್ತುಕೊಂಡಳು. ಅವರ ಕೈ ಬಗ್ಗೆ ಮಾತಾಡಬೇಡಿ ಅಂದಳು. ಅವರು ಮನಸ್ಸು ಮಾಡಿದರೆ ಕೋಳಿಯ ನೆರಳನ್ನೂ ಬಿಡಿಸುತ್ತಾರೆ. ಇದು ಬಿಟ್ಟದ್ದು, ಬೇಕಂತಲೇ ಬಿಟ್ಟದ್ದು. ಅತ್ತಿಗೆ ತುಟಿ ಕೊಂಕಿಸಿ, ಹಾಗಾದರೆ ಬಂದು ಕೇಳಲಿ, ಮಂಚ ಯಾವಾಗ ಖಾಲಿ ಮಾಡುತ್ತೀಯ ಅಂದಳು.

ಆ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ಹೌದು, ಅವನು ಯಾಕೆ ಬಂದು ಕೇಳುವುದಿಲ್ಲ? ದೊಡ್ಡಕ್ಕನ ಹೆದರಿಕೆ ಇರಬೇಕು. ಯಾರಾದರೂ ಮೊದಲು ಬಾಯಿ ಬಿಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಹಾಗಂತ ಲೆಕ್ಕ ಹಾಕಿದಳು, ಪಾಪ.

ಬಾಯಿ ಬಿಡುವ ದಿನ ತಾನಾಗಿಯೇ ಬಂತು.

ಮಧ್ಯಾಹ್ನ, ಅಂಗಡಿ ತುಂಬಿ ಬೀದಿಗೆ ಚೆಲ್ಲುತ್ತಿತ್ತು. ತಟ್ಟೆ ಹಗುರವಾಗುತ್ತಿದೆ, ನಿಮ್ಮ ಕೋಳಿಗಳೇನು ಡಯಟ್ ಮಾಡುತ್ತಿವೆಯಾ ಅಂತ ದಿನಾ ಬರುವ ಟೈಲರ್ ಗೊಣಗಿದ. ಇನ್ನಿಬ್ಬರು ಹೌದು ಅಂದರು. ದೊಡ್ಡಕ್ಕ ಎದ್ದಳು. ದೊಡ್ಡಕ್ಕ ಎದ್ದರೆ ಕುರ್ಚಿ ನಿಟ್ಟುಸಿರು ಬಿಡುತ್ತಿತ್ತು, ಉಳಿದವರು ಉಸಿರು ಹಿಡಿಯುತ್ತಿದ್ದರು. ನೇರ ಹಿಂದಿನ ಕೋಣೆಗೆ ಬಂದು, ಬೋಗುಣಿಗೆ ಕೈ ಹಾಕಿ, ಅರ್ಧ ಮಾಂಸ ಹೊತ್ತಿದ್ದ ಒಂದು ಗೂಡನ್ನು ಎತ್ತಿದಳು. ಸೂಪಮ್ಮನ ರಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಂಡು ಬಂದಳು. ತಟ್ಟೆಯ ಮಾಂಸ ಕದ್ದು ಎಲುಬಿನ ಜೊತೆ ಮನೆಗೆ ಸಾಗಿಸುತ್ತಿದ್ದೀಯಾ ಅಂತ ಎಲ್ಲರೆದುರು ಕೇಳಿದಳು.

ಸೂಪಮ್ಮನಿಗೆ ಹೆದರಿಕೆ ಆಗಲಿಲ್ಲ. ಇದೇ ಸಮಯ ಅನ್ನಿಸಿತು. ಕೆನ್ನೆ ಮುಚ್ಚುವುದನ್ನೂ ಮರೆತು, ಮುಖ ಪೂರ್ತಿ ತೋರಿಸಿ ನಕ್ಕಳು.

"ಕದ್ದಿಲ್ಲ ದೊಡ್ಡಕ್ಕ. ನಿಮ್ಮ ತಮ್ಮನ್ನೇ ಕೇಳಿ. ನನಗೋಸ್ಕರ ಬಿಡ್ತಾರೆ."

ಅಂಗಡಿಯ ಎಲ್ಲ ತಲೆಗಳೂ ಒಟ್ಟಿಗೆ ಅವನತ್ತ ತಿರುಗಿದವು. ಅವನು ಕತ್ತಿ ಹಿಡಿದು ನಿಂತಿದ್ದ. ಅವಳು ಅವನನ್ನು ಮೊದಲ ಸಲ ಇಡಿಯಾಗಿ ನೋಡಿದಳು. ಎತ್ತರ ಸ್ವಲ್ಪ ಕಮ್ಮಿ. ಅಷ್ಟಕ್ಕೇನಂತೆ, ಅವಳಿಗೆ ಸಾಕಾಗಿತ್ತು. ಹೂಂ ಅನ್ನು, ಅಂತ ಕಣ್ಣಲ್ಲೇ ಹೇಳಿದಳು. ಅವನ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು, ಅಕ್ಕನ ಕೈಲಿದ್ದ ಗೂಡಿನ ಮೇಲೆ ಹೋಗಿ, ಗಿರಾಕಿಗಳ ಮೇಲೆಲ್ಲ ಹರಿದು, ವಾಪಸ್ ಬಂತು. ಬಂದಾಗ ಅದರಲ್ಲಿ ಬೇರೆ ಯಾರೋ ಇದ್ದರು.

"ಈ ಮುಖಕ್ಕಾ?" ಅಂದ. "ಕನ್ನಡಿ ಮಾರಿಕೊಂಡಿದ್ದಾಳೇನೋ. ಅಕ್ಕ, ಇವಳಿಗೆ ಎಲುಬು ಕೊಡ್ತಿರೋದೇ ಹೆಚ್ಚು."

ನಗು ಎದ್ದಿತು. ಜೋರು ನಗು, ತಟ್ಟೆ ಅದುರುವಂಥದು. ಟೈಲರ್ ಕೆಮ್ಮುವವರೆಗೆ ನಕ್ಕ. ಸೂಪಮ್ಮನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಹಬೆ ಸುಟ್ಟ ದಿನವೂ ಅದು ಇಷ್ಟು ಉರಿದಿರಲಿಲ್ಲ.

ಬೇರೆ ಯಾರಾದರೂ ಅಳುತ್ತಿದ್ದರು. ಅವಳು ಅಳಲಿಲ್ಲ. ಅವನು ಅಕ್ಕನಿಗೆ ಹೆದರಿ ಸುಳ್ಳು ಹೇಳಿದ, ಸುಳ್ಳನ್ನು ಇಲ್ಲೇ ಒಡೆಯುತ್ತೇನೆ ಅಂತ ಹಟ ಹುಟ್ಟಿತು.

"ಒಂದು ಕೋಳಿ ಬಿಡಿಸಲಿ," ಅಂದಳು. "ಇಲ್ಲೇ, ಎಲ್ಲರ ಮುಂದೆ. ಎಲುಬು ನುಣ್ಣಗೆ ಬಂತು ಅಂದ್ರೆ, ಇಷ್ಟು ದಿನ ಬೇಕಂತಲೇ ಬಿಟ್ಟಿದ್ದಾರೆ ಅಂತ ಅರ್ಥ. ನುಣ್ಣಗೆ ಬರಲಿಲ್ಲ ಅಂದ್ರೆ ನಾನೇ ಕಳ್ಳಿ, ಪೊಲೀಸ್ ಕರೀರಿ."

ನ್ಯಾಯದ ಮಾತು ಅಂದರು ಜನ. ಹೊಟ್ಟೆ ತುಂಬಿದವರಿಗೆ ನ್ಯಾಯ ಅಂದರೆ ಬಹಳ ಇಷ್ಟ. ದೊಡ್ಡಕ್ಕ ಬಿಸಿ ಕೋಳಿ ತಂದು ಹಲಗೆಯ ಮೇಲಿಟ್ಟಳು. ಅವನು ಈಗ ರಶ್ ಇದೆ, ಆಮೇಲೆ ಅಂದ. ಯಾರೂ ಕೇಳಲಿಲ್ಲ.

ಅವನು ಕೋಳಿಯ ಮೇಲೆ ಕತ್ತಿ ಇಟ್ಟ.

ಗೋಡೆಯ ಈಚೆ ಕೂತು ಅವಳು ಆ ಕತ್ತಿಯ ಸದ್ದನ್ನು ಹಾಡಿನ ಹಾಗೆ ಕೇಳಿದವಳು. ಮೊದಲೆಲ್ಲ ಸರ್ರನೆ ಒಂದೇ ಎಳೆತ, ಕೀಲು ತಾನಾಗಿ ಬಾಗಿಲು ತೆರೆಯುತ್ತಿತ್ತು. ಈಗ ಕಟಕ್ ಅಂದಿತು. ಎಲುಬಿಗೆ ಬಡಿದ ಸದ್ದು. ಅವನು ಹೆಬ್ಬೆರಳಿನಿಂದ ಕೀಲು ಹುಡುಕಿದ. ಕುರುಡ ಬೀಗದ ಕಿಂಡಿ ಹುಡುಕುವ ಹಾಗೆ ಹುಡುಕಿದ. ಹೆಬ್ಬೆರಳು, ತೋರುಬೆರಳು ಎರಡೂ ಕಡ್ಡಿಯ ಹಾಗೆ ನೆಟ್ಟಗಿದ್ದವು. ಸುಡುಸುಡು ಕೋಳಿಯ ಒಡಲೊಳಗೆ ಬೆರಳು ಹೋಗಿತ್ತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ಚರ್ಮ ಕೆಂಪಾಗುತ್ತಿತ್ತು. ಅವನು ಕೈ ಹಿಂದಕ್ಕೆ ಎಳೆಯಲಿಲ್ಲ.

ಮತ್ತೆ ಕಟಕ್.

ಸೂಪಮ್ಮನಿಗೆ ಅಷ್ಟು ಸಾಕಾಯಿತು. ರೆಕ್ಕೆಯ ಬುಡ, ತೊಡೆ, ಬೆನ್ನಿನ ಗುಳಿಯ ಆ ಎರಡು ತುಣುಕು, ಯಾವುದನ್ನೂ ಅವನು ಬಿಟ್ಟದ್ದಲ್ಲ. ಬೆಂಕಿಯ ಮುಂದೆ ವರ್ಷಗಟ್ಟಲೆ ನಿಂತು ಬೆರಳು ಸತ್ತಿದ್ದವು, ಕತ್ತಿಗೆ ದಾರಿ ತೋರಿಸುವವರಿಲ್ಲದೆ ಅವು ಉಳಿದುಹೋಗಿದ್ದವು. ಅವಳು ಕಣ್ಣು ಮುಚ್ಚಿಕೊಂಡು ತಿಂದದ್ದು ಅವನ ಕಷ್ಟವನ್ನು.

ಆಗ ಅವನು ತಲೆ ಎತ್ತಿ ಅವಳನ್ನು ನೋಡಿದ. ತುಂಟತನ ಇಲ್ಲ, ಬಿಂಕ ಇಲ್ಲ. ಹೇಳಬೇಡ ಅಂತ ಬೇಡುವ ನೋಟ. ಇಷ್ಟು ವರ್ಷ ಇವಳು ಕಾದಿದ್ದು ಅವನು ತನ್ನನ್ನು ಒಮ್ಮೆ ಮನಸ್ಸಿಟ್ಟು ನೋಡಲಿ ಅಂತ. ನೋಡಿದ. ಹೀಗೆ.

ಏನೋ ಇದು, ಕೈಗೇನಾಗಿದೆ ಅಂತ ದೊಡ್ಡಕ್ಕ ಮುಂದೆ ಬರುತ್ತಿದ್ದಳು. ಒಂದು ಮಾತು ಸಾಕಿತ್ತು. ಈ ಮುಖಕ್ಕಾ ಅಂದವನ ಅನ್ನ, ಹೆಸರು, ಕತ್ತಿ, ಎಲ್ಲ ಆ ಒಂದು ಮಾತಿನ ತುದಿಯಲ್ಲಿತ್ತು. ಸೂಪಮ್ಮ ಹಲಗೆಯ ಹತ್ತಿರ ಹೋದಳು. ಚಿಂದಿಯಾದ ಗೂಡನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಮಾಂಸ ನೇತಾಡುತ್ತಿತ್ತು.

"ನೋಡಿದ್ರಾ ಇವರ ಮೊಂಡುತನ," ಅಂದಳು. "ಇಷ್ಟು ಜನರ ಮುಂದೆ, ನನ್ನನ್ನ ಬಾಯಿಗೆ ಬಂದ ಹಾಗೆ ಅಂದ ಮೇಲೂ, ಇನ್ನೂ ನನಗೇ ಬಿಡ್ತಿದ್ದಾರೆ."

ಮೊದಲು ಅಂಚೆಯವನು ಚಪ್ಪಾಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು. ಆಗ ನಕ್ಕ ಬಾಯಿಗಳೇ ಈಗ ಅಯ್ಯೋ ಪಾಪ, ನಾಚಿಕೆಗೆ ಬೈದದ್ದು ಅಂದವು. ಮದುವೆ ಸೀರೆಗೆ ರವಿಕೆ ನನ್ನ ಲೆಕ್ಕದಲ್ಲಿ ಅಂದ ಟೈಲರ್. ದೊಡ್ಡಕ್ಕ ತಮ್ಮನನ್ನು ಕೇಳಿದಳು, ನಿಜವೇನೋ? ಅವನು ಹೂಂ ಅಂದ. ಜನರ ಮುಂದೆ ಇನ್ನೇನು ಮಾಡುವುದು, ಹಾಗಿದ್ದರೆ ಮದುವೆ ಮಾಡಿಬಿಡೋಣ, ನನ್ನ ಕೋಳಿಗಳಾದರೂ ಉಳಿಯುತ್ತವೆ ಅಂದಳು ದೊಡ್ಡಕ್ಕ. ಮತ್ತೆ ಚಪ್ಪಾಳೆ.

ಸೂಪಮ್ಮ ಒಳಗೆ ಹೋಗಿ ರಸ ಸೋಸುವುದಕ್ಕೆ ನಿಂತಳು.

ಅವನು ಬಾಗಿಲಿನಿಂದ ಬಂದ. ಈ ಕೋಣೆಗೆ ಅವನು ಬಾಗಿಲಿನಿಂದ ಬಂದದ್ದು ಅದೇ ಮೊದಲು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ.

"ನಾನು ನಿನಗೋಸ್ಕರ ಬಿಟ್ಟಿದ್ದಲ್ಲ," ಅಂದ.

"ಗೊತ್ತಾಯ್ತು."

"ನೀನು ಹಾಗೆ ಅಂದ್ಕೊಂಡೆ. ನನಗೂ ಅನುಕೂಲ ಆಯ್ತು. ನೀನು ಯಾರಿಗೂ ಹೇಳಲ್ಲ ಅಂತ."

ಅವಳು ಬಟ್ಟೆಯ ಮೇಲೆ ರಸ ಸುರಿದಳು. ಹೊಂಬಣ್ಣದ ಧಾರೆ ಒಂದೇ ಸಮ ಇಳಿಯಿತು. ಮುಖದ ಬಗ್ಗೆ ಅಂದದ್ದು ಅಂತ ಅವನು ಏನೋ ಶುರು ಮಾಡಿದ. ಅದನ್ನು ಬಿಡಿ ಅಂದಳು. ಅದೊಂದೇ ನೀವು ಯೋಚನೆ ಮಾಡದೆ ಆಡಿದ ಮಾತು, ಅದು ನಿಜವೇ ಇರಬೇಕು.

ಅವನು ಗೋಡೆಗೆ ಒರಗಿದ. ಅವನು ಕೆಟ್ಟವನಲ್ಲ, ಹೆದರಿದವನು. ಆದರೆ ಹೆದರಿದವನ ಕೈಯಲ್ಲೂ ಕತ್ತಿ ಇರುತ್ತದೆ. ಈಗ ಅವನ ಕಣ್ಣಲ್ಲಿ ನೀರು ನಿಂತಿತ್ತು. ಇಷ್ಟು ದಿನ ಗೋಡೆಯಾಚೆ ಯಾರಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ, ಇವತ್ತು ಗೊತ್ತಾಯಿತು ಅಂದ. ಆಮೇಲೆ, ಅವಳು ಎಷ್ಟೋ ಮಧ್ಯಾಹ್ನ ಮನಸ್ಸಿನಲ್ಲೇ ಅವನ ಬಾಯಿಂದ ಆಡಿಸಿದ್ದ ಮಾತನ್ನು ಆಡಿದ.

"ನನ್ನ ಮದುವೆ ಆಗು. ಅಕ್ಕ ಹೇಳಿದ್ದಕ್ಕಲ್ಲ. ನನಗೆ ನೀನು ಬೇಕು. ನಾಳೆಯಿಂದ ನಿಜವಾಗ್ಲೂ ನಿನಗೆ ಅಂತ್ಲೇ ಬಿಡ್ತೀನಿ."

ಅವಳು ಪಾತ್ರೆ ಕೆಳಗಿಟ್ಟಳು. ಎಡಗೆನ್ನೆ, ಬಲಗೆನ್ನೆ, ಎರಡನ್ನೂ ಅವನ ಕಡೆ ತಿರುಗಿಸಿ ನಿಂತಳು.

"ಬಿಡ್ತೀರಿ. ಆದರೆ ಕೈಲಾಗದೆ ಉಳಿದದ್ದು ಯಾವುದು, ಪ್ರೀತಿಗೆ ಉಳಿಸಿದ್ದು ಯಾವುದು ಅಂತ ನಾನು ಹೇಗೆ ಕಂಡುಹಿಡಿಯಲಿ ಮಾಸ್ಟ್ರೇ? ದಿನಾ ಬೋಗುಣಿ ಮುಂದೆ ಕೂತು ಅದನ್ನೇ ಹುಡುಕ್ತಾ ಇರಲಾ?"

ಅವನು ಬೆರಳಿಗೆ ಸುತ್ತಿದ ಬಟ್ಟೆ ನೋಡಿಕೊಂಡ. ಪಾಪ, ಆಗ ಅವನು ಹೇಳಿದ್ದು ನಿಜವೇ. ಅವನ ಜೀವಮಾನದಲ್ಲೇ ಅಂಥ ನಿಜ ಅವನು ಆಡಿರಲಿಲ್ಲ. ಆದರೆ ಅದನ್ನು ತೋರಿಸುವುದಕ್ಕೆ ಅವನ ಹತ್ತಿರ ಇದ್ದದ್ದು ಆ ಎರಡು ಬೆರಳು ಮಾತ್ರ.

ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಸುಟ್ಟ ಬೆರಳನ್ನು ತಣ್ಣೀರಲ್ಲಿ ಇಟ್ಟುಕೊಳ್ಳಿ ಅಂತ ಹೇಳಿ, ಮುಂದಿನ ಬಾಗಿಲಿನಿಂದಲೇ ಹೊರಟಳು. ಗಿರಾಕಿಗಳು ದಾರಿ ಬಿಟ್ಟರು. ಮದುವೆ ಊಟ ಯಾವಾಗ ಅಂತ ಕೂಗಿದರು. ಅವಳು ನಾಚಿದ ಹಾಗೆ ತಲೆ ತಗ್ಗಿಸಿ ನಕ್ಕಳು. ನಗದಿದ್ದರೆ ಅನುಮಾನ ಬಂದು ಅವನ ಕೈ ನೋಡುತ್ತಿದ್ದರು. ಬೀದಿಯ ತಿರುವಿನವರೆಗೂ ಆ ನಗುವನ್ನು ಮುಖದ ಮೇಲೆ ಹೊತ್ತುಕೊಂಡು ಹೋದಳು. ಆಮೇಲೆ ಆ ಬೀದಿಯಲ್ಲಿ ಅವಳನ್ನು ಯಾರೂ ನೋಡಲಿಲ್ಲ. ಅತ್ತಿಗೆ ಹೊಲಿಗೆ ಮೆಷಿನ್ ತಂದಳು.

ಈಗ ಅವಳದೇ ಒಂದು ಪುಟ್ಟ ಸೂಪಿನಂಗಡಿ ಇದೆ, ದೂರದ ಬಸ್ ನಿಲ್ದಾಣದ ಹಿಂದೆ. ಒಂದು ಒಲೆ, ಎರಡು ಬೆಂಚು. ಒಂದು ದಿನ ಬಸ್ಸಿನಿಂದಿಳಿದ ಒಬ್ಬ ಅಜ್ಜಿ ಬಂದು ಕೂತಳು. ಬಿಸಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾ, ನಮ್ಮ ಬೀದಿಯಲ್ಲೂ ಇಂಥ ಸೂಪು ಸಿಗುತ್ತಿತ್ತು ಅಂತ ಶುರು ಮಾಡಿದಳು. ಅಲ್ಲಿ ಒಬ್ಬ ಮಾಸ್ಟ್ರು ಇದ್ದಾನೆ, ದೇವರಂಥ ಮನುಷ್ಯ. ಯಾವಳೋ ಸೂಪಿನವಳನ್ನು ಪ್ರಾಣದಷ್ಟು ಪ್ರೀತಿಸಿದ. ನಿಶ್ಚಯವಾದ ದಿನವೇ ಅವಳು ಕೈಕೊಟ್ಟು ಓಡಿಹೋದಳು. ಅವನು ಇವತ್ತಿಗೂ ಎಲುಬಿನ ಮೇಲೆ ಅವಳ ಪಾಲಿನ ಮಾಂಸ ಬಿಡುತ್ತಾನಂತೆ. ಅದನ್ನು ನೋಡುವುದಕ್ಕೇ ಜನ ಬರುತ್ತಾರೆ, ತಟ್ಟೆ ಹಗುರವಾದರೂ ಯಾರೂ ತುಟಿ ಬಿಚ್ಚುವುದಿಲ್ಲ, ಹೆಂಗಸರು ಕಣ್ಣೊರೆಸಿಕೊಂಡು ತಿನ್ನುತ್ತಾರೆ. ಅಂಗಡಿ ಎರಡರಷ್ಟಾಗಿದೆ.

ಅವರು ಏನೂ ಹೇಳಲ್ವಾ, ಅಂತ ಸೂಪಮ್ಮ ಒಲೆಯ ಕಡೆ ನೋಡುತ್ತಲೇ ಕೇಳಿದಳು.

ಏನು ಹೇಳುತ್ತಾನೆ, ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಾನೆ ಅಂದಳು ಅಜ್ಜಿ. ಬಟ್ಟಲು ಖಾಲಿ ಮಾಡಿ ಕೆಳಗಿಟ್ಟಳು.

"ಅಂಥವನ ಹೊಟ್ಟೆ ಉರಿಸಿದಳಲ್ಲ, ಅವಳಿಗೆ ಒಳ್ಳೇದಾಗಲ್ಲ ಬಿಡು ಮಗಳೇ."

ಸೂಪಮ್ಮ ಖಾಲಿ ಬಟ್ಟಲು ಎತ್ತಿಕೊಂಡು ಇನ್ನೊಂದು ಸೌಟು ಹಾಕಿದಳು.

"ಆಗಲ್ಲ ಅಜ್ಜಿ," ಅಂದಳು. "ಕುಡೀರಿ, ಆರಿಹೋಗುತ್ತೆ."